ಮೇಣದ ಮೂವತ್ತೆಂಟು ತುಂಡುಗಳೊಂದಿಗೆ ಹಾಲೆಂಡಿಗೆ

ಮೈಸೂರು

ವಿದೇಶಕ್ಕೆ ಹೋದವರು ಊರಿಗೆ ಬಂದ ಮೇಲೆ ಮೊದಲು ಮಾಡುವ ಕೆಲಸವೆಂದರೆ ಅಲ್ಲಿನ ರಸ್ತೆಗಳನ್ನು ಹೊಗಳುವುದು. ನಾನು ಹೊಗಳುವುದಿಲ್ಲ. ಹಾಲೆಂಡಿನ ರಸ್ತೆ ನುಣುಪಾಗಿದೆ, ನಿಜ. ಆದರೆ ಅದರ ಮೇಲೆ ಎಂಬತ್ತು ದಾಟಿದ ಅಜ್ಜಿಯರು ಸೈಕಲ್ಲಿನಲ್ಲಿ ನುಗ್ಗುವ ವೇಗ ನೋಡಿದರೆ ನಮ್ಮ ಹುಣಸೂರು ರಸ್ತೆಯ ಖಾಸಗಿ ಬಸ್ಸಿನ ಡ್ರೈವರುಗಳು ಸಾಧುಗಳಂತೆ ಕಾಣುತ್ತಾರೆ. ಮೊದಲ ದಿನವೇ ಒಬ್ಬ ಅಜ್ಜಿ ಗಂಟೆ ಬಾರಿಸಿ, ಬೈದು, ಮೊಣಕೈಯಿಂದ ನನ್ನನ್ನು ತಿವಿದು ಹೋದಳು. ನಾನು ಸೈಕಲ್ಲಿನ ದಾರಿಯಲ್ಲಿ ನಿಂತಿದ್ದೆನಂತೆ.

ನಾನು ಹೋದದ್ದು ರಸ್ತೆ ನೋಡುವುದಕ್ಕೂ ಅಲ್ಲ, ಹೂವಿನ ತೋಟ ನೋಡುವುದಕ್ಕೂ ಅಲ್ಲ. ನನ್ನ ಹೆಸರು ಜಯಮ್ಮ, ಊರು ಕಟ್ಟೆಮಳಲವಾಡಿ. ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ಆಪರೇಷನ್ನಿನಲ್ಲಿ ತೆಗೆದ ಕ್ಯಾನ್ಸರ್ ಗಡ್ಡೆಯನ್ನು ಫಾರ್ಮಾಲಿನ್ ಎಂಬ ಘಾಟು ದ್ರವದಲ್ಲಿ ನೆನೆಸಿ, ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುವುದು ನನ್ನ ಕೆಲಸ. ಆ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿಗೆ ಸಹಿ ಹಾಕುವುದು ನಮ್ಮ ಡಾಕ್ಟರ ಕೆಲಸ. ಹೆಸರು ಬರುವುದು ಸಹಿ ಹಾಕಿದವರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಲೆಂಡಿನ ಲ್ಯಾಬೊಂದು ನಮ್ಮ ಡಾಕ್ಟರ ಜೊತೆ ಸೇರಿ ಬಾಯಿ ಕ್ಯಾನ್ಸರಿನ ಅಧ್ಯಯನ ಹೂಡಿತ್ತು. ವಿಷಯ ಇಷ್ಟೇ. ನಮ್ಮ ಜೀವಕೋಶದೊಳಗೆ ಡಿಎನ್‌ಎ ಎಂಬ ದಾರ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳ ಮೇಲೆ ಅಲ್ಲಲ್ಲಿ ರಾಸಾಯನಿಕ ಮುದ್ರೆ ಬಿದ್ದಿರುತ್ತದೆ. ಮುದ್ರೆ ಬಿದ್ದ ಕಡೆ ದಾರ ಬಿಗಿದು, ಅಲ್ಲಿನ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ. ಕ್ಯಾನ್ಸರನ್ನು ತಡೆಯಬೇಕಾದ ಜೀನಿನ ಮೇಲೆಯೇ ಮುದ್ರೆ ಬಿದ್ದರೆ ಗಡ್ಡೆಗೆ ಹಬ್ಬ. ಇದಕ್ಕೆ ಎಪಿಜೆನೆಟಿಕ್ಸ್ ಎಂಬ ದೊಡ್ಡ ಹೆಸರಿದೆ. ಮುದ್ರೆ ಇದೆಯೋ ಇಲ್ಲವೋ ತಿಳಿಯಲು ಆ್ಯಂಟಿಬಾಡಿ ಬೇಕು. ಅದು ಆ ಮುದ್ರೆಯನ್ನೇ ಹುಡುಕಿ ಹೋಗಿ ಅಂಟಿಕೊಳ್ಳುವ ಪ್ರೋಟೀನು. ಅದರ ಬೆನ್ನಿಗೆ ಬಣ್ಣ ಕಟ್ಟಿ ಕಳಿಸಿದರೆ ಮುದ್ರೆ ಇರುವ ಕೋಶ ಕಂದಾಗುತ್ತದೆ, ಇಲ್ಲದ್ದು ನೀಲಿಯಾಗಿ ಉಳಿಯುತ್ತದೆ.

ಈ ಮುದ್ರೆಯನ್ನು ಅಳಿಸುವ ಮಾತ್ರೆಯೊಂದು ಆಗ ಪ್ರಯೋಗದಲ್ಲಿತ್ತು. ಗಡ್ಡೆಯಲ್ಲಿ ಕಂದು ಕಂಡವರಿಗೆ ಮಾತ್ರ ಅದು. ನಮ್ಮ ನಾಲ್ಕು ತಾಲ್ಲೂಕುಗಳ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮೂವತ್ತೆಂಟು ಜನರ ಗಡ್ಡೆಗಳಲ್ಲಿ ಕಂದು ಕಂಡರೆ ಮಾತ್ರೆಯ ಪ್ರಯೋಗ ಮೈಸೂರಿಗೂ ಬರುತ್ತದೆ. ಕಾಣದಿದ್ದರೆ ಬರುವುದಿಲ್ಲ. ‘ಕೊಯ್ಯುವವರೇ ತುಂಡುಗಳನ್ನು ತರಲಿ’ ಎಂದು ಅವರು ಪತ್ರ ಬರೆದರು. ನಮ್ಮ ಡಾಕ್ಟರು ಕೊಯ್ಯುವ ಯಂತ್ರದ ಹಿಡಿ ಮುಟ್ಟಿ ಹನ್ನೆರಡು ವರ್ಷವಾಗಿತ್ತು. ಹಾಗಾಗಿ ನಾನು ಹೊರಟೆ.

ಹೊರಡುವ ಹಿಂದಿನ ದಿನ ರಾವಂದೂರಿನ ಚೆನ್ನಾಜಮ್ಮ ಲ್ಯಾಬಿನ ಬಾಗಿಲಿಗೆ ಬಂದರು. ಮದುವೆಯಾದಂದಿನಿಂದ ಹೊಗೆಸೊಪ್ಪಿನ ಎಲೆಯನ್ನು ಬೇಯಿಸುವ ಗೂಡಿಗೆಂದು ಕಡ್ಡಿಗೆ ಕಟ್ಟಿದವರು, ಕೆನ್ನೆಯಲ್ಲಿ ತಂಬಾಕಿನ ಕಡ್ಡಿಪುಡಿ ಇಟ್ಟುಕೊಂಡೇ ಬಾಳಿದವರು. ಒಂದು ಕೆನ್ನೆಯನ್ನು ನಮ್ಮ ಆಸ್ಪತ್ರೆಯಲ್ಲೇ ತೆಗೆದಿದ್ದರು. ಈಗ ರೋಗ ಇನ್ನೊಂದು ಕಡೆ ಬಂದಿತ್ತು, ಕೊಡಬಹುದಾದ ಔಷಧಿಗಳೆಲ್ಲ ಮುಗಿದಿದ್ದವು. ಹದಿನೇಳನೇ ತುಂಡು ಅವರದು.

“ನಾನೇ ಮೈಸೂರು ದಾಟ್ದೋಳಲ್ಲ, ನನ್ ಕೆನ್ನೆ ಇಮಾನ ಅತ್ತದಲ್ಲ!” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ, “ಆ ಮಾತ್ರೆ ನಂಗಾಯ್ತದೋ ಇಲ್ವೋ, ಸರಿಯಾಗ್ ನೋಡ್ಕಂಡ್ ಬಾ ಕಣವ್ವ. ಇನ್ನೇನೂ ಬ್ಯಾಡ,” ಅಂದರು.

ವಿಮಾನ ನಿಲ್ದಾಣ

ಬೆರಳುದ್ದದ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಉಗುರಿನಷ್ಟು ಮಾಂಸ. ಇಂಥ ಮೂವತ್ತೆಂಟು ತುಂಡುಗಳ ಡಬ್ಬಿಯನ್ನು ಎದೆಗವಚಿಕೊಂಡು ನಾನು ತಪಾಸಣೆಯ ಸಾಲಿನಲ್ಲಿ ನಿಂತೆ. ನನ್ನ ಮುಂದಿನ ಹೆಂಗಸಿನ ಮಾವಿನಕಾಯಿ ಉಪ್ಪಿನಕಾಯಿಯನ್ನು ಬಾಂಬಿನಂತೆ ಎತ್ತಿ ಪಕ್ಕಕ್ಕಿಟ್ಟರು. ನನ್ನ ಡಬ್ಬಿ ತೆರೆದ ಅಧಿಕಾರಿ ಒಳಗೇನಿದೆ ಎಂದು ಕೇಳಿದ. ಮೇಣ ಎಂದೆ. ಮೇಣದೊಳಗೆ? ಎಂದ. ಮನುಷ್ಯರು ಎಂದೆ.

ಆ ಉತ್ತರಕ್ಕೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತೆ. ಕಾಗದಪತ್ರ ಎಲ್ಲ ಸರಿಯಿತ್ತು. ಹಾಳೆಗೆ ಮೂರರಂತೆ ಸೀಲು ಬಿದ್ದಿತ್ತು. ಸೀಲುಗಳನ್ನು ಎಣಿಸಿದ ಮೇಲೆ ಅಧಿಕಾರಿಗೆ ಸಮಾಧಾನವಾಯಿತು. ಒಂದು ಹಾಳೆಯನ್ನೂ ಓದಲಿಲ್ಲ. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ.

ಮೊದಲ ಸೋಮವಾರ

ನಾನು ಇಳಿದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರಂತೆ ಉಚ್ಚರಿಸಬೇಕಾದ ಹೆಸರು ಅದು, ಕನ್ನಡ ಲಿಪಿಗೆ ಅಂಥ ಸಂಕಟ ಬೇಡ. ಹಾಲೆಂಡ್ ಎಂದರೂ ಅಲ್ಲಿಯವರಿಗೆ ಆಗುವುದಿಲ್ಲ, ‘ನೆದರ್‌ಲ್ಯಾಂಡ್ಸ್’ ಎಂದು ತಿದ್ದುತ್ತಾರೆ. ನಾನು ಅವರಿಗೆ ಹೆಗ್ಗಡದೇವನಕೋಟೆ ಎಂದು ಹೇಳಲು ಕಲಿಸಹೋದೆ. ಆಮೇಲೆ ನನ್ನನ್ನು ತಿದ್ದುವುದನ್ನು ಬಿಟ್ಟರು.

ಲ್ಯಾಬಿನ ಯಜಮಾನಿ ಆನ್ನೆಕೆ. ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ನನ್ನನ್ನು ‘ಯಾಯಮ್ಮ’ ಎಂದು ಕರೆದಳು. ಆ ಭಾಷೆಯಲ್ಲಿ ಜಕಾರವೆಲ್ಲ ಯಕಾರವಂತೆ. ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಟಪ್ ಎಂದು ಮುಚ್ಚಳ ಹಾಕಿ ಡಬ್ಬಿಯನ್ನು ಬೀರುವಿನಲ್ಲಿಟ್ಟಳು. ಎರಡನೆಯದಕ್ಕೆ ಚಾಚಿದ್ದ ನನ್ನ ಕೈ ಗಾಳಿಯಲ್ಲೇ ಉಳಿಯಿತು. ಅಲ್ಲಿ ಅತಿಥಿಗೆ ಒಂದೇ ಬಿಸ್ಕತ್ತು. ನಮ್ಮೂರಿನಲ್ಲಿ ಎಮ್ಮೆ ಕೊಳ್ಳಲು ಬಂದ ದಲ್ಲಾಳಿಗೂ ತಟ್ಟೆ ತುಂಬ ಇಡುತ್ತಾರೆ. ಮಧ್ಯಾಹ್ನದ ಊಟವೆಂದರೆ ತಣ್ಣನೆ ಬ್ರೆಡ್ಡು, ನಡುವೆ ಚೀಸು, ಜೊತೆಗೆ ಎಳೆಮಗುವಿನಂತೆ ಒಂದು ಲೋಟ ಹಾಲು. ಅದನ್ನೂ ನಿಂತೇ ಮುಗಿಸುತ್ತಾರೆ. ಊಟ ಆಯಿತಾ ಎಂದು ಕೇಳುವವರೇ ಇಲ್ಲ. ಇಷ್ಟು ಎತ್ತರ ಹೇಗೆ ಬೆಳೆದರೋ ನನಗೆ ತಿಳಿಯಲಿಲ್ಲ.

ಆಮೇಲೆ ಯಂತ್ರ ತೋರಿಸಿದಳು. ಗಾಜು ಕುದಿಸುವುದು, ಆ್ಯಂಟಿಬಾಡಿ ಹಾಕುವುದು, ತೊಳೆಯುವುದು, ಬಣ್ಣ ಬರಿಸುವುದು ಎಲ್ಲ ಅದೇ ಮಾಡುತ್ತದೆ. ಕುದಿಸುವುದೇಕೆ ಎಂದು ಇಲ್ಲಿ ಹೇಳಲೇಬೇಕು. ಫಾರ್ಮಾಲಿನ್ ಮಾಂಸವನ್ನು ಕೊಳೆಯದಂತೆ ಕಾಯುತ್ತದೆ, ಆದರೆ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಮುದ್ರೆಗಳನ್ನು ಮರೆಮಾಡುತ್ತದೆ. ಕುದಿಸಿದರೆ ಕಟ್ಟು ಬಿಚ್ಚುತ್ತದೆ, ಆ್ಯಂಟಿಬಾಡಿಗೆ ದಾರಿಯಾಗುತ್ತದೆ. ಹೆಚ್ಚು ಹೊತ್ತು ನೆನೆದ ಮಾಂಸವನ್ನು ಹೆಚ್ಚು ಹೊತ್ತು ಕುದಿಸಬೇಕು. ಇದಕ್ಕೆ ನಮ್ಮ ಲ್ಯಾಬಿನಲ್ಲಿ ಇರುವುದು ಅಡುಗೆಮನೆಯ ಪ್ರೆಶರ್ ಕುಕ್ಕರು. ಹಾಗೆಂದಾಗ ಆನ್ನೆಕೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು.

ಅವರ ಯಂತ್ರ ಪ್ರತಿ ತುಂಡಿನ ಫಾರಂ ಓದಿ, ಎಷ್ಟು ಗಂಟೆ ನೆನೆದಿದೆ ಎಂದು ನೋಡಿ, ಎಷ್ಟು ಕುದಿಸಬೇಕೆಂದು ತಾನೇ ತೀರ್ಮಾನಿಸುತ್ತದೆ. ನಮ್ಮ ಮೂವತ್ತೆಂಟು ಫಾರಂಗಳಲ್ಲೂ ‘ಇಪ್ಪತ್ತನಾಲ್ಕು ಗಂಟೆ’ ಎಂದಿತ್ತು.

“ಎಲ್ಲವೂ ಕರಾರುವಾಕ್ಕಾಗಿ ಇಪ್ಪತ್ತನಾಲ್ಕು! ನಮ್ಮಲ್ಲೇ ಇಷ್ಟು ಶಿಸ್ತಿಲ್ಲ,” ಎಂದು ಆನ್ನೆಕೆ ಮೆಚ್ಚಿಕೊಂಡಳು. ನಾನು ಕಾಫಿ ಕುಡಿದೆ.

ಬುಧವಾರ

ಗಾಜುಗಳು ಯಂತ್ರದಿಂದ ಬಂದವು. ಅಲ್ಲಿ ಅವನ್ನು ಮೊದಲು ನೋಡುವುದು ಕಂಪ್ಯೂಟರು. ಅದು ಕ್ಯಾನ್ಸರ್ ಕೋಶಗಳನ್ನು ಮಾತ್ರ ಆರಿಸಿ, ಕಂದೆಷ್ಟು ನೀಲಿಯೆಷ್ಟು ಎಂದು ಹೇಳುತ್ತದೆ. ಮೂವತ್ತೆಂಟರಲ್ಲಿ ಹೆಚ್ಚಿನವು ನೀಲಿ ಎಂದಿತು. ಆನ್ನೆಕೆಯ ಮುಖ ಅರಳಿತು. ಹೊಗೆಸೊಪ್ಪು ಬೆಳೆಯುವ ನಾಡಿನ ಜನರ ಗಡ್ಡೆಯಲ್ಲಿ ಮುದ್ರೆಯೇ ಅಳಿಸಿಹೋಗಿದೆ, ಇದು ಹೊಸ ಸಂಗತಿ, ದೊಡ್ಡ ಪತ್ರಿಕೆಯಲ್ಲಿ ಬರುತ್ತದೆ ಎಂದಳು. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಜೊತೆಗೆ ಹಾಕಿದ್ದ ಅವರ ದೇಶದ ಯಾರದೋ ಟಾನ್ಸಿಲ್ಲಿನ ತುಂಡು ಚೆನ್ನಾಗಿ ಕಂದಾಗಿತ್ತು. ಹಾಗಾಗಿ ಯಂತ್ರದ ತಪ್ಪಿಲ್ಲ, ಆ್ಯಂಟಿಬಾಡಿಯ ತಪ್ಪಿಲ್ಲ.

ನನಗೆ ಕಂಪ್ಯೂಟರಿನ ಮೇಲೆ ನಂಬಿಕೆ ಕಡಿಮೆ. ಮೂಲೆಯಲ್ಲಿ ಹೊದಿಕೆ ಹೊದ್ದು ಕೂತಿದ್ದ ಸೂಕ್ಷ್ಮದರ್ಶಕವನ್ನು ಎಬ್ಬಿಸಿ, ಹದಿನೇಳನೇ ಗಾಜನ್ನು ಇಟ್ಟು ನೋಡಿದೆ. ನಮ್ಮಪ್ಪ ಹರಾಜಿಗೆ ಹೊಗೆಸೊಪ್ಪು ವಿಂಗಡಿಸುವಾಗ ಪಕ್ಕದಲ್ಲಿ ಕೂತು ಬೆಳೆದವಳು ನಾನು, ಕಂದು ಬಣ್ಣದಲ್ಲಿ ಎಷ್ಟು ದರ್ಜೆ ಉಂಟೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾನ್ಸರ್ ಕೋಶಗಳು ನೀಲಿಯಾಗಿದ್ದವು. ಆದರೆ ಪಕ್ಕದಲ್ಲೇ ಇದ್ದ ರಕ್ತನಾಳದ ಗೋಡೆಯ ಕೋಶಗಳೂ ನೀಲಿ. ಅವು ಕೆಡದ ಕೋಶಗಳು, ಅವುಗಳಲ್ಲಿ ಮುದ್ರೆ ಇದ್ದೇ ಇರುತ್ತದೆ, ಕಂದಾಗಲೇಬೇಕು. ಅವೂ ನೀಲಿಯಾದರೆ ಮುದ್ರೆ ಇಲ್ಲವೆಂದಲ್ಲ, ಆ್ಯಂಟಿಬಾಡಿ ಒಳಗೆ ಹೋಗಲೇ ಇಲ್ಲವೆಂದು ಅರ್ಥ. ಒಂದೊಂದಾಗಿ ಎಲ್ಲ ಗಾಜನ್ನೂ ನೋಡಿದೆ. ಹೆಚ್ಚಿನವುಗಳ ಕಥೆ ಅದೇ.

ಕಾರಣ ನನಗೆ ಗೊತ್ತಿತ್ತು. ಶುಕ್ರವಾರ ಮಧ್ಯಾಹ್ನ ತೆಗೆದ ಗಡ್ಡೆ ನಮ್ಮಲ್ಲಿ ಸೋಮವಾರದವರೆಗೆ ಫಾರ್ಮಾಲಿನ್ನಿನಲ್ಲೇ ಇರುತ್ತದೆ. ಸೋಮವಾರವೂ ರಜೆ ಬಂದರೆ ಮಂಗಳವಾರ. ದಸರಾ ಬಂದರೆ ದೇವರೇ ಗತಿ. ಚೆನ್ನಾಜಮ್ಮನ ಕೆನ್ನೆ ತೆಗೆದದ್ದು ದಸರೆಯ ಮೊದಲ ವಾರದಲ್ಲಿ. ಒಮ್ಮೆ ತಪಾಸಣೆಗೆ ಬಂದವರೊಬ್ಬರು ‘ನೆನೆದ ಗಂಟೆ’ ಎಂಬ ಕಾಲಮನ್ನು ಖಾಲಿ ಬಿಡಬೇಡಿ ಎಂದಿದ್ದರು. ಇಪ್ಪತ್ತನಾಲ್ಕು ಗಂಟೆ ಉತ್ತಮ ಎಂದು ಪುಸ್ತಕದಲ್ಲಿತ್ತು. ಅಂದಿನಿಂದ ಎಲ್ಲಕ್ಕೂ ಅದನ್ನೇ ಬರೆದೆವು. ನಮಗೆ ಫಾರಂ ಎಂದರೆ ಪರೀಕ್ಷೆಯ ಪತ್ರಿಕೆ. ನಡೆದದ್ದನ್ನು ಬರೆಯುವುದಿಲ್ಲ, ಮಾರ್ಕು ಬರುವುದನ್ನು ಬರೆಯುತ್ತೇವೆ. ಇದನ್ನು ಸುಳ್ಳೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಮೂವತ್ತೆಂಟು ಫಾರಂಗಳಲ್ಲೂ ಇದ್ದದ್ದು ನನ್ನದೇ ದುಂಡನೆಯ ಅಕ್ಷರ.

“ಇನ್ನೊಂದಿಷ್ಟು ಹೆಚ್ಚು ಕುದಿಸೋಣವೇ?” ಎಂದು ಆನ್ನೆಕೆಯನ್ನು ಕೇಳಿದೆ.

“ಯಾಕೆ? ಇಪ್ಪತ್ತನಾಲ್ಕು ಗಂಟೆಗೆ ಇಷ್ಟೇ ನಿಯಮ.”

“ನಮ್ಮ ಕಡೆ ನೀರು ಗಡಸು,” ಎಂದೆ. ಇಷ್ಟು ದಡ್ಡ ಸುಳ್ಳನ್ನು ನಾನು ಯಾವತ್ತೂ ಹೇಳಿರಲಿಲ್ಲ. ಆಕೆ ಅದನ್ನೂ ಬರೆದುಕೊಂಡಳು.

ಶುಕ್ರವಾರ

ಲ್ಯಾಬಿನಲ್ಲಿ ಯಾರದೋ ಹುಟ್ಟುಹಬ್ಬ. ಅಲ್ಲಿ ಹುಟ್ಟಿದವನೇ ಕೇಕು ತರಬೇಕು. ಎಲ್ಲರೂ ದುಂಡಗೆ ಕುರ್ಚಿ ಹಾಕಿ ಕೂರುತ್ತಾರೆ. ಬಂದವರು ಹುಟ್ಟಿದವನಿಗಷ್ಟೇ ಅಲ್ಲ, ಕೂತ ಪ್ರತಿಯೊಬ್ಬರಿಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಆ ಮನುಷ್ಯ ಹುಟ್ಟಿದ್ದರಲ್ಲಿ ನನ್ನದೇನೂ ಪಾತ್ರವಿಲ್ಲ ಎಂದು ಎಷ್ಟು ಹೇಳಿದರೂ ನನಗೂ ಹದಿನಾಲ್ಕು ಅಭಿನಂದನೆ ಬಿದ್ದವು. ಯಾರ ಹುಟ್ಟುಹಬ್ಬ ಯಾವತ್ತು ಎಂಬ ಕ್ಯಾಲೆಂಡರನ್ನು ಅವರು ಶೌಚಾಲಯದಲ್ಲಿ ತೂಗುಹಾಕುತ್ತಾರೆ. ನೆಂಟರನ್ನು ನೆನೆಯಲು ಎಂಥ ಜಾಗ!

ಕೇಕಿನ ತುಂಡು ಹಿಡಿದು ಹೊರಗೆ ಬಂದು ನಮ್ಮ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಜಯಮ್ಮ, ನೀವು ಸುಮ್ಮನಿರಿ. ಮುದ್ರೆ ಇಲ್ಲ ಅನ್ನೋದೂ ಒಂದು ಫೈಂಡಿಂಗೇ. ಪೇಪರು ಬರುತ್ತೆ, ನಿಮ್ಮ ಹೆಸರೂ ಹಾಕಿಸ್ತೀನಿ.”

“ಮಾತ್ರೆ ಬರಲ್ಲವಲ್ಲ ಸಾರ್?”

“ಮಾತ್ರೆ ಬಂದಾಗ ನೋಡೋಣ. ಈಗ ನಮ್ಮ ಫಾರಂ ವಿಷಯ ಎತ್ತಿದರೆ ಲ್ಯಾಬ್ ಮುಚ್ಚಿಸ್ತಾರೆ,” ಎಂದು ಫೋನಿಟ್ಟರು. ಈ ಮನುಷ್ಯ ಪ್ರತಿ ವರ್ಷ ಕ್ಯಾನ್ಸರ್ ದಿನದಂದು ವೇದಿಕೆಯ ಮೇಲೆ ಕಣ್ಣೀರು ಹಾಕುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಆ ಅಕ್ಷರ ನನ್ನದು, ಅವರದ್ದಲ್ಲ ಎಂಬುದಕ್ಕೆ.

ನಿಜವಾದ ಗಂಟೆ ಗೊತ್ತಿದ್ದರೆ ಸಾಕಿತ್ತು. ಲ್ಯಾಬಿನ ಅಟೆಂಡರ್ ಕೆಂಪರಾಜುಗೆ ಫೋನು ಮಾಡಿದೆ. ಸಾಲಿಗ್ರಾಮದವನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಆಪರೇಷನ್ ಥಿಯೇಟರಿನಿಂದ ಬಾಟಲಿ ತರುವವನು ಅವನೇ.

“ಬರ್ಕಂಡಿವ್ನಲ್ಲಕ್ಕ,” ಎಂದ ಕೆಂಪರಾಜು, ನಾನೇನೋ ದಡ್ಡ ಪ್ರಶ್ನೆ ಕೇಳಿದಂತೆ. “ಬಾಟ್ಲಿ ಬಂದ ದಿನ, ಟೈಮು. ಮೇಣಕ್ಕೆ ಓದ ದಿನ, ಟೈಮು. ನಾಳೆ ಬಾಟ್ಲಿ ಕಳ್ದೋಯ್ತು ಅಂತ ನನ್ ತಲೆಗ್ ಕಟ್ಟುದ್ರೆ? ನಂದೇ ಒಂದು ಬುಕ್ಕು ಮಡಿಕ್ಕಂಡಿವ್ನಿ.”

“ಇಷ್ಟ್ ವರ್ಷ ಯಾಕೋ ಯೋಳ್ಲಿಲ್ಲ?”

“ಯಾರ್ ಕೇಳುದ್ರು?”

ಅರ್ಧ ಗಂಟೆಯಲ್ಲಿ ಅವನ ನೋಟ್‌ಬುಕ್ಕಿನ ಪುಟಗಳ ಫೋಟೊಗಳು ಬಂದವು. ಪೆನ್ಸಿಲ್ಲಿನಲ್ಲಿ, ಕನ್ನಡ ಅಂಕಿಗಳಲ್ಲಿ, ಒಂದು ದಿನವೂ ಬಿಡದೆ ಬರೆದಿದ್ದ. ಹದಿನೇಳನೇ ತುಂಡಿನ ಬಾಟಲಿ ಹನ್ನೊಂದು ದಿನ ನೆನೆದಿತ್ತು.

ಮತ್ತೆ ಸೋಮವಾರ

ಅಲ್ಲಿ ಯಾರ ಜೊತೆ ಮಾತಾಡಬೇಕಾದರೂ ಮೊದಲೇ ಹೊತ್ತು ಗೊತ್ತುಮಾಡಬೇಕು. ನನಗೆ ಹತ್ತೂಕಾಲಿನಿಂದ ಹತ್ತೂವರೆ ಸಿಕ್ಕಿತು. ತಪ್ಪೊಪ್ಪಿಗೆಗೆ ಕಾಲು ಗಂಟೆ. ಆನ್ನೆಕೆಯ ಎದುರು ಕೂತು, ಇಪ್ಪತ್ತನಾಲ್ಕು ಗಂಟೆ ಎಂಬುದು ನಾನು ಬರೆದ ಸುಳ್ಳು ಎಂದೆ.

“ಎಷ್ಟು ಫಾರಂಗಳಲ್ಲಿ?”

“ಎಲ್ಲದರಲ್ಲೂ.”

ಆಕೆ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಅವರ ದೇಶದ ಪದ್ಧತಿಯಂತೆ ಮುಖಕ್ಕೆ ಹೊಡೆದಂತೆ ಹೇಳಿದಳು: “ಇದು ಅಸಹ್ಯ. ನೀನು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳು. ಇದನ್ನು ಮೊದಲ ದಿನ ಹೇಳಬಹುದಿತ್ತು. ನಾನು ನಿನ್ನನ್ನು ಹೊಗಳಿದೆ, ನೀನು ಕಾಫಿ ಕುಡಿದೆ.”

ನಾಲ್ಕು ತಾಲ್ಲೂಕಿನಲ್ಲಿ ಯಾರೂ ನನಗೆ ಹಾಗೆ ಮಾತಾಡಿಲ್ಲ. ನನಗೂ ನಾಲಗೆ ಇದೆ. “ನಿಮ್ಮ ಕಂಪ್ಯೂಟರಿಗೆ ರಕ್ತನಾಳ ಕಾಣಲಿಲ್ಲ. ನಿಮಗೂ ಕಾಣಲಿಲ್ಲ, ಯಾಕೆಂದರೆ ನೀವು ಬಗ್ಗಿ ನೋಡಲೇ ಇಲ್ಲ. ನಾನು ಹೇಳದಿದ್ದರೆ ಈ ಸುಳ್ಳನ್ನು ನೀವು ಅಚ್ಚು ಹಾಕಿಸುತ್ತಿದ್ದಿರಿ,” ಎಂದೆ.

ಆಕೆ ಎದ್ದು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂತಳು. ಹತ್ತೂವರೆ ಆಯಿತು, ಹನ್ನೊಂದಾಯಿತು. ನನ್ನ ನಂತರದ ಹೊತ್ತು ಗೊತ್ತುಮಾಡಿಕೊಂಡಿದ್ದವರು ಬಾಗಿಲಲ್ಲಿ ಇಣುಕಿ ಹಿಂದಿರುಗಿದರು. ಕಡೆಗೆ ತಲೆಯೆತ್ತಿ, “ನೀನು ಹೇಳಿದ್ದು ಸರಿ. ನಿಜವಾದ ಗಂಟೆಗಳು ಎಲ್ಲಿವೆ?” ಎಂದಳು. ಕೆಂಪರಾಜುವಿನ ನೋಟ್‌ಬುಕ್ಕಿನ ಫೋಟೊ ತೋರಿಸಿದೆ. ನಾನು ಓದುತ್ತ ಹೋದೆ, ಆಕೆ ಬರೆದುಕೊಂಡಳು. ಮಧ್ಯಾಹ್ನದೊಳಗೆ ೩ಕ್ಕೂ ೬ಕ್ಕೂ ವ್ಯತ್ಯಾಸ ಕಲಿತುಬಿಟ್ಟಳು.

ಗುರುವಾರ

ಹೆಚ್ಚು ನೆನೆದದ್ದಕ್ಕೆ ಹೆಚ್ಚು ಕುದಿ, ಕಡಿಮೆ ನೆನೆದದ್ದಕ್ಕೆ ಕಡಿಮೆ. ಯಂತ್ರಕ್ಕೆ ಹನ್ನೊಂದು ದಿನದ ಲೆಕ್ಕವೇ ಗೊತ್ತಿರಲಿಲ್ಲ, ಅಂಥವನ್ನು ಕೈಯಲ್ಲೇ ಮಾಡಬೇಕಾಯಿತು. ತುಂಡುಗಳನ್ನು ಮತ್ತೆ ಕೊಯ್ದೆ. ಗುರುವಾರ ಗಾಜುಗಳನ್ನು ನೋಡಿದಾಗ ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ರಕ್ತನಾಳಗಳೆಲ್ಲ ಕಂದಾಗಿದ್ದವು. ಹೆಚ್ಚಿನ ಗಡ್ಡೆಗಳೂ ಹದವಾಗಿ ಬೆಂದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಆನ್ನೆಕೆ ನನ್ನ ಪಕ್ಕದಲ್ಲಿ ಕೂತು ಒಂದೊಂದನ್ನೂ ಕಣ್ಣಿನಿಂದಲೇ ನೋಡಿದಳು. ಪ್ರಯೋಗ ಮೈಸೂರಿಗೆ ಬರುತ್ತದೆ ಎಂದಳು.

ಹದಿನೇಳನೆಯದನ್ನು ನಾನು ಕಡೆಗೆ ಇಟ್ಟುಕೊಂಡಿದ್ದೆ. ರಕ್ತನಾಳದ ಗೋಡೆ ಕಂದು, ಅದರ ಪಕ್ಕದ ಬಿಳಿರಕ್ತಕಣಗಳು ಕಂದು. ನಡುವೆ ಕ್ಯಾನ್ಸರ್ ಕೋಶಗಳು ಶುದ್ಧ ನೀಲಿ.

ಮತ್ತೆ ಕೊಯ್ದೆ, ಇನ್ನೂ ಹೆಚ್ಚು ಕುದಿಸಿದೆ. ಅದೇ ಬಂತು. ನಾಲ್ಕನೇ ಸಲಕ್ಕೆ ತುಂಡನ್ನು ಕೊಯ್ಯುವ ಯಂತ್ರಕ್ಕೆ ಕಚ್ಚಿಸುವಾಗ ಆನ್ನೆಕೆ ನನ್ನ ಕೈ ಹಿಡಿದಳು. “ಸಾಕು. ಇದರಲ್ಲಿ ಮುದ್ರೆ ನಿಜವಾಗಿಯೂ ಇಲ್ಲ. ನೀನು ಕೇಳಿದ್ದು ಸರಿಯಾದ ಉತ್ತರ ತಾನೆ? ಇದೇ ಅದು.” ಆ ದೇಶದವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಆದರೆ ಬೀರುವಿನಿಂದ ಬಿಸ್ಕತ್ತಿನ ಡಬ್ಬಿ ತಂದು, ಮುಚ್ಚಳ ತೆಗೆದು, ಮೇಜಿನ ಮೇಲೇ ಬಿಟ್ಟು ಹೋದಳು. ನನಗೆ ಒಂದೂ ಸೇರಲಿಲ್ಲ.

ಮತ್ತೆ ಮೈಸೂರು

ನಾನು ಬರುವಷ್ಟರಲ್ಲಿ ನಮ್ಮ ಡಾಕ್ಟರು ಪೂರ್ತಿ ಬದಲಾಗಿದ್ದರು. ದಾಖಲೆಗಳನ್ನು ತಿದ್ದಬೇಕೆಂದು ತಮಗೆ ಮೊದಲಿನಿಂದಲೂ ಅನಿಸಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದರು. ಕೆಂಪರಾಜುವಿಗೆ ಶಾಲು ಹೊದಿಸುವ ಯೋಚನೆಯೂ ಇತ್ತು. ಮರುವಾರ ಚೆನ್ನಾಜಮ್ಮ ಬಂದ ಸುದ್ದಿ ಕೇಳಿದ ಕೂಡಲೇ, “ನಿಮ್ಮ ಕಡೆಯವರು, ನೀವೇ ನಿಧಾನವಾಗಿ ಹೇಳಿ,” ಎಂದು ನನಗೊಪ್ಪಿಸಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಫಾರಂ ವಿಷಯ, ಹನ್ನೊಂದು ದಿನದ ವಿಷಯ, ಮತ್ತೆ ಕುದಿಸಿದ ವಿಷಯ. ಮಾತ್ರೆ ಮೈಸೂರಿಗೆ ಬರುತ್ತದೆ, ಬೇರೆಯವರಿಗೆ ಆಗುತ್ತದೆ, ಆದರೆ ನಿಮ್ಮ ಗಡ್ಡೆಗೆ ಅದರಿಂದ ಏನೂ ಆಗುವುದಿಲ್ಲ ಎಂದೆ.

“ಅಷ್ಟ್ ದೂರ ಓಗಿ, ಇಲ್ಲ ಅನ್ನೋಕ್ ಬಂದ್ಯಾ?” ಎಂದರು ಚೆನ್ನಾಜಮ್ಮ. ಅವರ ಕಣ್ಣಿನಲ್ಲಿ ಸಿಟ್ಟಿತ್ತು. ಮತ್ತೆ ಕೇಳಿದರು: “ಮೊದ್ಲು ಇಪ್ಪತ್ನಾಕ್ ಗಂಟೆ ಅಂತ ಬರ್ದೋಳು ನೀನೇ ಅಂದೆ. ಇದೂ ಅಂಗೇ ಬರ್ದಿದ್ದಾ, ಇಲ್ಲ ನೋಡಿದ್ದಾ?”

“ನೋಡಿದ್ದು ಕಣವ್ವ. ನನ್ ಕಣ್ಣಾರೆ ನೋಡ್ದೆ.”

“ನಿಜ್ವಾ?”

“ನಿಜ.”

ನನ್ನ ಮುಖವನ್ನೇ ನೋಡುತ್ತಿದ್ದವರು ಕೈಚೀಲದಿಂದ ಆಸ್ಪತ್ರೆಯ ಚೀಟಿಗಳ ಕಟ್ಟನ್ನು ತೆಗೆದು ಬೆಂಚಿನ ಮೇಲೆ ಇಟ್ಟರು. “ಅಂಗಾರೆ ಬುಡು. ಇನ್ ಬರಾಕಿಲ್ಲ. ಇಷ್ಟ್ ದಿನ ಎಲ್ಲಾರೂ ನೋಡಾವ ನೋಡಾವ ಅಂತ್ಲೇ ತಿರುಗುಸುದ್ರು. ಒಬ್ರೂ ಇಲ್ಲ ಅನ್ನಿಲ್ಲ.” ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡು ಎದ್ದರು.

ಪಿರಿಯಾಪಟ್ಟಣದ ಬಸ್ಸು ಹತ್ತಿಸುವವರೆಗೆ ನಾನು ಜೊತೆಗೇ ಹೋದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. ಬೈಯುವುದಕ್ಕೆ ಆ ದಿನ ನನಗೆ ಯಾರೂ ಸಿಗಲಿಲ್ಲ.